ಭಾವನ ಡಬಲ್ ಗ್ಲಾಸ್ ಕಿಟಕಿ

ನಮ್ಮ ಭಾವನ ಮನೆಯೊಳಕ್ಕೆ ಗಾಳಿ ಬರಬೇಕಾದರೂ ಭಾವನ ಅಪ್ಪಣೆ ಬೇಕು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಯುಗಾದಿ ಬರುವ ಹೊತ್ತಿಗೇ ತಾರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗದ ಊರು ನಂಜನಗೂಡು. ಅಂಥ ಊರಿನಲ್ಲಿ, ಹಿಮ ಬೀಳುವ ದೇಶದವರು ಹಾಕಿಸಿಕೊಳ್ಳುವ ಎರಡು ಪದರದ ಗಾಜಿನ ಕಿಟಕಿ ಹಾಕಿಸಿ, ಅದನ್ನು ಬಿಗಿಯಾಗಿ ಮುಚ್ಚಿ, ಒಳಗೆ ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತ ಮಹಾನುಭಾವ ಈ ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ರೂಮಿಗೆ ಹಾಕಿ ಚಿಲಕ ಜಡಿಯೋಣ!

ನಾನು ಅವರ ನಾದಿನಿ. ಅವರನ್ನು ಆಡಿಕೊಳ್ಳುವ ಹಕ್ಕು ನನಗೆ ಅಕ್ಕನ ಮದುವೆಯ ಚಪ್ಪರದಲ್ಲೇ ಸಿಕ್ಕಿತು. ನಾನು ಸೇರಿದ ಮನೆ ನರಸೀಪುರದಲ್ಲಿದೆ. ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಮಕ್ಕಳ ಮೇಲೆ ಕೂಗಾಡಿ ಸಂಬಳ ಎಣಿಸುತ್ತಿದ್ದೇನೆ. ಹೀಗಾಗಿ ನನ್ನ ಗಂಟಲೂ ದೊಡ್ಡದು, ನಾಲಿಗೆಯೂ ಉದ್ದ. ನಾನು ಹೇಳುವುದರಲ್ಲಿ ಖಾರ ಒಂದು ಚಮಚ ಹೆಚ್ಚಾಗಿದೆ ಅನ್ನಿಸಿದರೆ ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಹಾಕಿದ್ದು ಬೇಕೆಂದೇ.

ಭಾವ ಮೂಲತಃ ಕವಲಂದೆಯವರು. ತಾಂಡ್ಯದ ಒಂದು ನೂಲಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದರು. ನೂಲುವ ಯಂತ್ರಗಳ ಮಧ್ಯೆ ದಿನಕ್ಕೆ ಎಂಟು ಗಂಟೆ ನಿಂತವರಿಗೆ ಎರಡು ಕಾಯಿಲೆ ಗ್ಯಾರಂಟಿಯಂತೆ. ಒಂದು, ತಮ್ಮ ಕಿವಿ ಮಂದವಾಗುವುದು. ಇನ್ನೊಂದು, ಊರಿನವರ ಕಿವಿಯೆಲ್ಲ ಮಂದ ಅಂದುಕೊಂಡು ಕಿರುಚುವುದು. ಭಾವನಿಗೆ ಎರಡೂ ಹಿಡಿದವು. ಊಟಕ್ಕೆ ಕೂತು ಅಕ್ಕನನ್ನು ಉಪ್ಪು ಕೇಳಿದರೆ ರಸ್ತೆಯಾಚೆ ಪಂಕ್ಚರ್ ಅಂಗಡಿಯವನು ಬೆಚ್ಚಿಬಿದ್ದು "ಏನ್ಸಾ?" ಅನ್ನುತ್ತಿದ್ದ!

ಕಿವಿ ಮಂದವಾಗಿದ್ದಕ್ಕೆ ನನಗೇನೂ ಬೇಸರವಿಲ್ಲ. ಅದು ಹೊಟ್ಟೆಪಾಡಿಗೆ ತೆತ್ತದ್ದು. ನನ್ನ ಸಿಟ್ಟು ಬೇರೆ. ಕಿವಿ ಚೆನ್ನಾಗಿದ್ದ ಕಾಲದಲ್ಲೂ ಈ ಮನುಷ್ಯ ಅಕ್ಕನ ಮಾತು ಕೇಳಿದವರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಂಜನಗೂಡಿನಲ್ಲಿ ಹೆದ್ದಾರಿಯ ಪಕ್ಕದಲ್ಲಿ ಈ ಮನೆ ಕಟ್ಟಿಸುವಾಗ ಅಕ್ಕ ಕೇಳಿದ್ದು ಒಂದೇ ಒಂದು: "ಅಡಿಗೆಮನೇಗೊಂದು ಕಿಟ್ಕಿ ಮಡಗ್ಸಿ. ಒಗ್ಗರಣೆ ಘಾಟು ತಡಿಯಕಾಗಲ್ಲ." ಭಾವ ಕಿಟಕಿ ಇಡಿಸಲಿಲ್ಲ. ಹಿಂದಿನ ಗೋಡೆಗೆ ಕಿಟಕಿ ಇಟ್ಟರೆ ಕಳ್ಳ ಬರುತ್ತಾನಂತೆ! ಅಡಿಗೆಮನೆಯಲ್ಲಿ ಕದಿಯುವುದಕ್ಕೆ ಏನಿತ್ತು? ಹುಣಿಸೆಹಣ್ಣು! ಆಮೇಲೆ ಅಕ್ಕ ವರ್ಷಕ್ಕೆ ನಾಲ್ಕು ಸಲವಾದರೂ ಆ ಮಾತು ಎತ್ತುತ್ತಿದ್ದಳು. ಭಾವ "ಆಂ? ಏನಂದೆ?" ಅನ್ನುತ್ತಿದ್ದರು. ಅವಳು ಎರಡನೇ ಸಲ ಹೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿರುತ್ತಿದ್ದರು.

ಹಾಗೆಂದು ಅಕ್ಕನ ದನಿ ಸಣ್ಣದಾಗಿತ್ತು ಅಂದುಕೊಳ್ಳಬೇಡಿ. ಮೂಗೂರಿನಲ್ಲಿ ನಾವು ಚಿಕ್ಕವರಿದ್ದಾಗ ಅವಳು ಜಗುಲಿಯ ಮೇಲೆ ನಿಂತು "ಉಣ್ಣಕ್ ಬಾರಮ್ಮೀ" ಅಂತ ನನ್ನನ್ನು ಕರೆದರೆ ಮೂರು ಬೀದಿಯ ಮಕ್ಕಳು ಆಟ ಬಿಟ್ಟು ಮನೆಗೆ ಓಡುತ್ತಿದ್ದವು. ಎಲ್ಲರ ತಾಯಂದಿರೂ ಆ ದನಿಯನ್ನೇ ಗಡಿಯಾರ ಮಾಡಿಕೊಂಡಿದ್ದರು. ಕೆರೆ ಏರಿಯ ಮೇಲಿದ್ದ ನನಗೂ ಅದು ಕೇಳುತ್ತಿತ್ತು, ಕೇಳಿಸಲಿಲ್ಲ ಅಂತ ಸುಳ್ಳು ಹೇಳುವುದಕ್ಕೆ ಆಗುತ್ತಿರಲಿಲ್ಲ.

ಆ ದನಿ ಹೋಯಿತು. ಮೂರು ವರ್ಷದ ಹಿಂದೆ ಅವಳ ಗಂಟಲಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲ ಅಂತ ರಿಪೋರ್ಟು ಬಂದಾಗ ನಾವೆಲ್ಲ ಕೈ ಮುಗಿದೆವು. ಆದರೆ ಗಂಟಲಿನ ಒಂದು ನರದ ಶಕ್ತಿ ಹೋಗಿ, ಅವಳ ಸ್ವರ ಬರೀ ಉಸಿರಾಗಿ ಉಳಿಯಿತು. ಎದುರಿಗೆ ಕೂತು, ತುಟಿ ನೋಡುತ್ತಾ, ನಮ್ಮ ಉಸಿರು ಬಿಗಿಹಿಡಿದರೆ ಮಾತು ತಿಳಿಯುತ್ತದೆ. ಹೊರಗೆ ಒಂದು ಲಾರಿ ಹಾದರೆ ಮುಗಿಯಿತು, ಅವಳ ಬಾಯಿ ಮಾತ್ರ ಆಡುತ್ತಿರುತ್ತದೆ. ಆ ರಸ್ತೆಯಲ್ಲಿ ಲಾರಿ ಹಾಯದ ನಿಮಿಷ ಯಾವುದು?

ಈಗ ಹೇಳಿ. ಹೆಂಡತಿಗೆ ಹೀಗಾಗಿರುವಾಗ, ರಿಟೈರಾಗಿ ಕೈಗೆ ನಾಲ್ಕು ಕಾಸು ಬಂದಾಗ, ಬುದ್ಧಿ ಇರುವ ಗಂಡಸು ಏನು ಮಾಡುತ್ತಾನೆ? ಬೆಂಗಳೂರಿಗೆ ಕರೆದುಕೊಂಡು ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಾನೆ. ನಮ್ಮ ಭಾವ ಏನು ಮಾಡಿದರು? ಬಂದ ದುಡ್ಡಿನಲ್ಲಿ ಅರ್ಧ ಸುರಿದು ಹಾಲ್‌ಗೂ ಮಲಗುವ ರೂಮಿಗೂ ಡಬಲ್ ಗ್ಲಾಸ್ ಕಿಟಕಿ ಹಾಕಿಸಿದರು! ಅಡಿಗೆಮನೆಗೆ ಒಂಟಿ ಗ್ಲಾಸಿನದೂ ಇಲ್ಲ.

"ಯಾಕ್ ಭಾವ ಇದು?" ಅಂತ ಕೇಳಿದೆ.

"ಶೆಖೆಗೆ ಕಣಮ್ಮಿ. ಎರಡು ಗ್ಲಾಸಿನ ಮಧ್ಯ ಗಾಳಿ ಇರ್ತದೆ. ಹೊರಗಿನ ಬಿಸಿ ಒಳೀಕೆ ಬರಾಕಿಲ್ಲ. ಸೈನ್ಸು."

"ಒಳಗಿನ ಬಿಸಿ ಹೊರಕ್ಕೆ ಹೋಗೋದು ಹೇಗೆ?"

"ಆಂ? ಏನಂದೆ?" ಅಂದರು.

ಕಿಟಕಿ ಕೂರಿಸಿದ ದಿನ ನಾನು ಅಲ್ಲೇ ಇದ್ದೆ. ಮೈಸೂರಿನಿಂದ ಬಂದಿದ್ದ ಕೆಲಸಗಾರ, ಐವತ್ತು ದಾಟಿದ ಮನುಷ್ಯ, ತಾನು ಮಾರುವ ವಸ್ತುವಿನ ಮೇಲೆ ತಾನೇ ಕರುಣೆ ಇಲ್ಲದೆ ಮಾತಾಡಿದ. "ಸಾ, ನಮ್ ಅನ್ನ ಇದ್ರಲ್ಲೇ. ಆದ್ರೂ ಯೋಳ್ತೀನಿ. ಎಸಿ ಇರೋರ್ಗೆ ಸರಿ, ತಂಪು ಸೋರಿ ಓಗಾಕಿಲ್ಲ, ಕರೆಂಟ್ ಬಿಲ್ಲು ಉಳೀತದೆ. ನಿಮ್ಗೆ ಎಸಿ ಇಲ್ಲ. ಬಿಸ್ಲು ಬೀಳೋ ಕಡೀಕೆ ಒಂದು ಸಜ್ಜಾ ಉದ್ದ ಮಾಡ್ಸಿ, ಬಿದಿರು ಪರದೆ ಇಳಿ ಬುಡಿ, ಸಂಜೆ ಕಿಟ್ಕಿ ತಗ್ದು ಮಡಗಿ. ಇದ್ರಲ್ಲಿ ಕಾಲು ಭಾಗದ ಖರ್ಚೂ ಆಗಾಕಿಲ್ಲ."

ನಾನು ಆ ಪುಣ್ಯಾತ್ಮನಿಗೆ ಎರಡನೇ ಲೋಟ ಕಾಫಿ ಕೊಟ್ಟೆ.

"ಸದ್ದು ಮಾತ್ರ ಪಸಂದಾಗಿ ತಡೀತದೆ ಸಾ," ಅಂತ ಅವನು ಕಾಫಿ ಹೀರುತ್ತಾ ಸೇರಿಸಿದ.

ಭಾವನ ಮುಖ ಒಂದು ಗಳಿಗೆ ಹೇಗೋ ಆಯಿತು. "ಸದ್ದು ಗಿದ್ದು ನಂಗ್ಯಾಕಯ್ಯಾ? ನಂಗೆ ಶೆಖೆಗೇ ಬೇಕು. ಆಕು!" ಅಂತ ಗದರಿದರು. ಅವನು ಹಾಕಿದ.

ಹಾಕಿದ ಮೇಲೆ ಏನಾಯಿತು ಗೊತ್ತೆ? ಏನೂ ಆಗಲಿಲ್ಲ! ಲಾರಿಗಳು ಮೊದಲಿನ ಹಾಗೆಯೇ ಹಾಲ್‌ನ ಮಧ್ಯದಲ್ಲೇ ಓಡುತ್ತಿದ್ದವು. ಭಾವ ಕಿಟಕಿಯ ಸುತ್ತ ಬೆರಳಾಡಿಸಿದರು, ರಬ್ಬರ್ ಒತ್ತಿ ನೋಡಿದರು, ಫೋನಿನಲ್ಲಿ ಮೈಸೂರಿನವನನ್ನು ಬಾಯಿಗೆ ಬಂದ ಹಾಗೆ ಬೈದರು. ಮೂರನೇ ದಿನ ಅಕ್ಕನ ಸೊಸೆ ತಲೆಯೆತ್ತಿ ನೋಡಿ ಹೇಳಿದಳಂತೆ: "ಮಾವ, ಮೇಲ್ಗಡೆ ವೆಂಟಿಲೇಟರು." ನಮ್ಮ ಕಡೆ ಮನೆಗಳನ್ನು ನೋಡಿದ್ದೀರಲ್ಲ, ಪ್ರತಿ ಕಿಟಕಿಯ ನೆತ್ತಿಯ ಮೇಲೂ ಸೂರಿನ ಹತ್ತಿರ ಒಂದೊಂದು ಕಂಡಿ ಇರುತ್ತದೆ. ಅದಕ್ಕೆ ಬಾಗಿಲಿಲ್ಲ, ಗಾಜಿಲ್ಲ, ಸಿಮೆಂಟಿನ ಜಾಲರಿ ಮಾತ್ರ. ಹುಟ್ಟಿದಾಗಿನಿಂದ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ಫಾರಿನ್ನಿನ ಕಿಟಕಿ, ಮೇಲೆ ಸಂತೆಗೆ ತೆರೆದ ಕಂಡಿ!

ಬೇರೆಯವರಾಗಿದ್ದರೆ ಅವಮಾನದಿಂದ ಸುಮ್ಮನಾಗುತ್ತಿದ್ದರು. ಭಾವ ಅಟ್ಟದಿಂದ ಒಂದು ಹತ್ತಿಯ ಹಾಸಿಗೆ ಇಳಿಸಿ, ಬಗೆದು, ಹತ್ತಿಯನ್ನೆಲ್ಲ ಗೋಣಿಚೀಲದ ತುಂಡುಗಳಿಗೆ ತುಂಬಿ ಆ ಕಂಡಿಗಳಿಗೆ ಗಿಡಿದರು. ಆ ಹಾಸಿಗೆ ನಮ್ಮಪ್ಪ ಅಕ್ಕನ ಮದುವೆಗೆ ಕೊಟ್ಟದ್ದು. ಎತ್ತಿನ ಗಾಡಿಯಲ್ಲಿ ಮೂಗೂರಿನಿಂದ ಬಂದದ್ದು! ನನಗೆ ಕಣ್ಣಲ್ಲಿ ನೀರು ಬಂತು. "ನಮ್ಮಪ್ಪನ್ನ ಒಂದು ಕಿಟಕಿಗೆ ಗಿಡಿದಿರಲ್ಲ ಭಾವ" ಅಂದೆ. "ಹತ್ತಿ ಭಾಳ ಒಳ್ಳೇದಿತ್ತು ಕಣಮ್ಮಿ, ನಾನು ನೋಡ್ದೋನಲ್ವಾ" ಅಂತ ಮೆಚ್ಚಿಕೊಂಡರು.

ಇನ್ನು ಥರ್ಮಾಮೀಟರ್ ಪ್ರಸಂಗ. ಶೆಖೆ ಕಡಿಮೆಯಾಗಿದೆ ಅಂತ ನಮಗೆಲ್ಲ ರುಜುವಾತು ಮಾಡುವುದಕ್ಕೆ ಭಾವ ಎರಡು ಥರ್ಮಾಮೀಟರ್ ತಂದು ಒಂದನ್ನು ಹಾಲ್‌ನಲ್ಲಿ, ಇನ್ನೊಂದನ್ನು ಹೊರಗೆ ನೆರಳಲ್ಲಿ ನೇತುಹಾಕಿದರು. ಮಧ್ಯಾಹ್ನ ಒಳಗೆ ಸ್ವಲ್ಪ ಕಡಿಮೆ ಇತ್ತು, ಸುಳ್ಳು ಹೇಳಬಾರದು. ಭಾವ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಸಂಜೆ ಹೊರಗೆ ತಂಗಾಳಿ ಎದ್ದಿತು. ಹೊರಗಿನದು ಸರಸರ ಇಳಿಯಿತು. ಒಳಗಿನದು ಹಟ ಹಿಡಿದು ಕೂತಿತು. ತಾರಸಿ ಕಾದು, ಗೋಡೆ ಕಾದು, ಒಳಗಿದ್ದ ನಾವೆಲ್ಲ ಬೆಂದು, ಆ ಬಿಸಿ ಹೋಗುವುದಕ್ಕೆ ದಾರಿಯೇ ಇರಲಿಲ್ಲ. ಮಗ ಸೊಸೆ ಮಹಡಿಯ ಮೇಲೆ ಹಳೇ ಕಿಟಕಿ ತೆರೆದು ಹಾಯಾಗಿ ಕೂತಿದ್ದರು. ಊಟಕ್ಕೆ ಮಾತ್ರ ಕೆಳಗೆ ಬಂದು, ಉಂಡು, ಮೇಲಕ್ಕೆ ಓಡುತ್ತಿದ್ದರು.

"ಭಾವ, ಹೊರಗಿಗಿಂತ ಒಳಗೇ ಜಾಸ್ತಿ ತೋರಿಸ್ತಿದೆ. ಹಪ್ಪಳ ಲಟ್ಟಿಸಿ ತರಲಾ? ಸೋಫಾ ಮೇಲೆ ಹರಡಿದ್ರೆ ನಾಳೆ ಬೆಳಿಗ್ಗೆಗೆ ಒಣಗಿರುತ್ತೆ!"

ಭಾವ ಎರಡನ್ನೂ ನೋಡಿ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಹೊರಗಿಂದು ಊರ್ನೋರ ಬಿಸಿ. ಒಳಗಿಂದು ನಮ್ಮದೇ ಬಿಸಿ. ನಮ್ಮದು ನಾವು ತಡ್ಕಬೇಕು."

ಮರುದಿನ ಥರ್ಮಾಮೀಟರುಗಳು ಗೋಡೆಯಿಂದ ಮಾಯವಾದವು. ಕಿಟಕಿ ಮಾತ್ರ ಮುಚ್ಚಿಯೇ ಇತ್ತು.

ಅದಾದ ಮೇಲೆ, ಇವರ ಕಿರುಚಾಟವಾದರೂ ಕಡಿಮೆಯಾಗಲಿ ಅಂತ, ನಾನೂ ಅಕ್ಕನ ಮಗನೂ ಸೇರಿ ಒಂದು ಕಿವಿಯ ಮಿಷನ್ ಕೊಡಿಸಿದೆವು. ಹಾಕಿಕೊಂಡು ಒಂದು ದಿನ ಊರೆಲ್ಲ ಸುತ್ತಿದರು. ಮಾರನೇ ದಿನ ಅದನ್ನು ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು. "ತಗೋ ನಿನ್ ಮಿಷನ್ನ. ಲಾರಿ ಹಾರನ್ನು ದೊಡ್ಡದಾಗ್ ಕೇಳ್ತದೆ, ಕುಕ್ಕರು ದೊಡ್ಡದಾಗ್ ಕೇಳ್ತದೆ, ಪಂಕ್ಚರ್ ಅಂಗಡಿ ಕಂಪ್ರೆಸರ್ರು ತಲೆ ಒಳಗೇ ಓಡ್ತದೆ. ನಿಮ್ಮಕ್ಕನ ಮಾತೊಂದು ಬುಟ್ಟು ಪ್ರಪಂಚದ್ದೆಲ್ಲಾ ಕೇಳ್ತದೆ!"

ನಾನು ನಕ್ಕೆ. ಆ ಮಾತನ್ನು ನರಸೀಪುರದ ಸ್ಟಾಫ್ ರೂಮಿನಲ್ಲಿ ಅವರ ದನಿಯಲ್ಲೇ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ. ಅವರು ಏನು ಹೇಳಿದರು ಅಂತ ನಾನೇ ಕೇಳಿಸಿಕೊಂಡಿರಲಿಲ್ಲ. ಈ ಮಾತನ್ನು ಈಗ ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಇನ್ನೂ ನಾಚಿಕೆಯಾಗುವ ಸಂಗತಿ ಮುಂದಿದೆ. ನನ್ನ ಮೊಮ್ಮಗಳ ನಾಮಕರಣ ನರಸೀಪುರದ ನಮ್ಮ ಮನೆಯಲ್ಲೇ ಆಯಿತು. ನೆಂಟರೆಲ್ಲ ಸೇರಿದ್ದರು. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಸುತ್ತುತ್ತಿದ್ದಾಗ ನಮ್ಮ ಮೂಗೂರಿನ ಚಿಕ್ಕಪ್ಪ ಭಾವನನ್ನು ಎಳೆದು ಕೂರಿಸಿಕೊಂಡರು. "ಏನಪ್ಪಾ, ಕಾಸ್ಮೀರದ ಕಿಟ್ಕಿ ಆಕ್ಸಿದ್ದೀಯಂತೆ? ನಮ್ಕಡೆ ಶೆಖೆಗೆ ಅದು ದಂಡ ಅಲ್ವಾ?" ಭಾವ ಕೈಯಾಡಿಸಿಕೊಂಡು ಸೈನ್ಸು ಶುರುಮಾಡಿದರು, ಎರಡು ಗ್ಲಾಸು, ನಡುವೆ ಗಾಳಿ, ಹೊರಗಿನ ಬಿಸಿ. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಅವಳು ಏನೋ ಹೇಳಲು ಬಾಯಿ ತೆರೆದಳು. ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಸೆರಗಿನ ಅಂಚು ಮಡಿಸುತ್ತಾ ಕೂತಳು. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು.

ಸ್ಕೂಲಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವ ದನಿಯಲ್ಲಿ ಹೇಳಿದೆ: "ಶೆಖೆಗಲ್ಲ ಚಿಕ್ಕಪ್ಪ! ಅದು ಸದ್ದು ತಡೆಯೋ ಕಿಟಕಿಯಂತೆ. ಹಾಕೋಕೆ ಬಂದೋನೇ ಹೇಳಿದ. ಕಿವುಡರಿಗ್ಯಾಕೆ ಸದ್ದು ತಡೆಯೋ ಕಿಟಕಿ, ನೀವೇ ಕೇಳಿ! ಕುರುಡರಿಗೆ ಕೂಲಿಂಗ್ ಗ್ಲಾಸ್ ಬೇಕಾ ಅಂತಾನೂ ಕೇಳಿ! ಹೆಂಡ್ತಿ ಗಂಟಲಿಗೆ ಹಾಕಬೇಕಾದ ದುಡ್ಡನ್ನ ಗೋಡೆಗೆ ಹಾಕಿದ್ದಾರೆ!"

ಎಲ್ಲರೂ ನಕ್ಕರು. ಚಿಕ್ಕಪ್ಪನಿಗೆ ಅಡಿಕೆ ನೆತ್ತಿಗೇರಿತು. ಭಾವ ಸೈನ್ಸು ಹೇಳುತ್ತಿದ್ದ ಕೈಯನ್ನು ಹಾಗೇ ಇಳಿಸಿ, ಎಲೆಗೆ ಸುಣ್ಣ ಸವರುತ್ತಾ ಕೂತರು. ಅವರಿಗೆ ಕೇಳಿಸಿಲ್ಲ ಅಂದುಕೊಂಡೆ. ಕೇಳಿಸಿದ್ದರೆ ಕಿರುಚುತ್ತಿದ್ದರಲ್ಲ? ಅಕ್ಕ ಮಾತ್ರ ನನ್ನನ್ನು ಒಂದು ಸಲ ನೋಡಿದಳು. ಸಂಜೆ ಬಸ್ಸಿಗೆ ಹೊರಡುವಾಗ ನನಗೆ ಕುಂಕುಮ ಇಟ್ಟು ಹೊರಟಳು.

ಆಮೇಲೆ ನಾನು ನಂಜನಗೂಡಿಗೆ ಹೋಗುವುದು ಕಡಿಮೆಯಾಯಿತು. ಭಾವನ ಮುಖ ನೋಡಲಾಗುವುದಿಲ್ಲ ಅಂತ ನನ್ನ ಯಜಮಾನರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ನಿಜ ಅದಲ್ಲ. ಮೊದಲು ನಾನೂ ಅಕ್ಕನೂ ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುತ್ತಿದ್ದೆವು. ಆಪರೇಷನ್ ಆದ ಮೇಲೆ ಫೋನಿನಲ್ಲಿ ಅವಳ ಮಾತು ಕೇಳುತ್ತಿರಲಿಲ್ಲ. ಉಸಿರು, ಲಾರಿ, ಮತ್ತೆ ಉಸಿರು. ನಾನು ಎರಡು ಸಲ "ಏನು? ಏನು?" ಅಂದು, "ಸರಿ ಅಕ್ಕ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ಆಮೇಲೆ ಮಾಡುತ್ತಿರಲಿಲ್ಲ. ಅವಳು ಮಾಡಿದಾಗ ಕ್ಲಾಸಿನಲ್ಲಿದ್ದೇನೆ ಅಂತ ಎತ್ತುತ್ತಿರಲಿಲ್ಲ. ಭಾನುವಾರವೂ ಕ್ಲಾಸಿನಲ್ಲಿರುತ್ತಿದ್ದೆ! ಭಾವನನ್ನು ಕಿವುಡ ಅಂದವಳು ನಾನು.

ಈ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾದ ಮೇಲೆ, ನೆಂಟರ ಮನೆಯ ಒಂದು ಮದುವೆಗೆ ನಂಜನಗೂಡಿಗೆ ಹೋದೆ. ಅಷ್ಟು ದೂರ ಹೋಗಿ ಅಕ್ಕನ ಮನೆಗೆ ಹೋಗದಿದ್ದರೆ ಊರವರು ಏನಂದಾರು ಅಂತ ಸಂಜೆ ಹೊತ್ತಿಗೆ ಅಲ್ಲಿಗೆ ಹೋದೆ. ಕಿಟಕಿ ಎಲ್ಲ ಮುಚ್ಚಿದ್ದವು. ಮುಂಬಾಗಿಲು ಮಾತ್ರ ಹಾರು ಹೊಡೆದಿತ್ತು! ಆ ಬಾಗಿಲಿನಿಂದ ಹೆದ್ದಾರಿಯ ಅಷ್ಟೂ ಸದ್ದು, ಅಷ್ಟೂ ಧೂಳು, ಅಷ್ಟೂ ಹೊಗೆ ಸಲೀಸಾಗಿ ಒಳಗೆ ಬರುತ್ತಿತ್ತು. ಭಾವ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ದೇವರ ಮನೆಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

ನನಗೆ ಸುಮ್ಮನಿರಲು ಬರುವುದಿಲ್ಲ. "ಲಕ್ಷಗಟ್ಟಲೆ ಕಿಟಕಿಗೆ ಹಾಕಿ, ಬಾಗಿಲು ಹೀಗೆ ಬಿಟ್ಟಿದ್ದೀರಲ್ಲ ಭಾವ! ಹಾಕಬಾರದಾ?"

ಒಂದು ಬಸ್ಸು ಹೋಗುವ ತನಕ ಕಾದು ಭಾವ ಹೇಳಿದರು: "ದೀಪ ಹಚ್ಚೋ ಹೊತ್ತು. ಬಾಗ್ಲು ತಗ್ದಿರಬೇಕು."

ಅದು ನನಗೂ ಗೊತ್ತು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆದಿಡಬೇಕು, ಲಕ್ಷ್ಮಿ ಬರುವ ಹೊತ್ತು ಅದು. ನಮ್ಮವ್ವ ಹೇಳಿಕೊಟ್ಟದ್ದು. ಅಕ್ಕ ಜ್ವರ ಬಂದು ಮಲಗಿದ್ದಾಗಲೂ ಎದ್ದು ಬಾಗಿಲು ತೆರೆದವಳು. ಆದರೆ ಈ ಮನುಷ್ಯನಿಗೆ ಯಾವಾಗಿನಿಂದ ಲಕ್ಷ್ಮಿಯ ಚಿಂತೆ?

"ಮೂವತ್ತೈದ್ ವರ್ಷದಲ್ಲಿ ಅವಳ್ ಮಾತು ಒಂದಾದ್ರೂ ನಡೆಸ್ಕೊಟ್ಟಿದ್ದೀನಿ ಅಂದ್ರೆ ಅದು ಈ ಬಾಗ್ಲುದು ಕಣಮ್ಮಿ," ಅಂದರು ಭಾವ. "ಅದ್ನೂ ಕಿತ್ಕಳಾದಾ?"

ಅವರು ಕಿರುಚಿ ಹೇಳಲಿಲ್ಲ. ಅದೇ ನನಗೆ ಹೊಸದು.

"ನಾಮಕರಣದ ದಿನ ಕಿವುಡರಿಗ್ಯಾಕೆ ಅಂದೆಯಲ್ಲ, ಕೂತ್ಕೋ ಯೋಳ್ತೀನಿ." ಹಾಗಾದರೆ ಅವತ್ತು ಕೇಳಿಸಿತ್ತು! "ನಮ್ ಫ್ಯಾಕ್ಟರೀಲಿ ಮಿಷನ್ನುಗಳ ಮಧ್ಯ ಸೂಪ್ರವೈಸರ್ ಕ್ಯಾಬಿನ್ ಇತ್ತು. ಇದೇ ಥರ ಎರಡು ಗ್ಲಾಸು. ಹೊರಗೆ ಗುಡುಗ್ದಂಗೆ ಮಿಷನ್ ಓಡ್ತಿದ್ರೂವೆ, ಒಳೀಕೋಗಿ ಬಾಗ್ಲಾಕಂಡ್ರೆ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನೋದು ಕೇಳೋದು. ಈ ಹಾಳ್ ಕಿವಿಗೇ ಕೇಳೋದು. ಸದ್ದಿಲ್ದಿದ್ರೆ ನಂಗೆ ಕೇಳ್ತದೆ ಕಣಮ್ಮಿ. ಸಣ್ಣ ದನಿ ಆದ್ರೂವೆ."

ಲಾರಿ ಬಂತು. ಕಾದರು. ಹೋಯಿತು.

"ಬೆಂಗ್ಳೂರ್ಗೂ ಕರ್ಕೊಂಡೋಗಿದ್ದೆ ನಿಮ್ಮಕ್ಕನ್ನ. ಅಲ್ಲಿನ್ ಡಾಕ್ಟ್ರೂ ಅದೇ ಅಂದ್ರು. ಸ್ವರ ಬರಾಕಿಲ್ಲ, ಇಷ್ಟೇ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ಪೋನೆತ್ತಿದ್ರಲ್ವಾ ಯೋಳಕ್ಕೆ?"

"ಮತ್ತೆ ಶೆಖೆಗೆ ಅಂತ ಊರೆಲ್ಲ ಸುಳ್ಳು ಹೇಳಿದ್ರಲ್ಲ ಭಾವ?" ಅಂತ ಮಾತ್ರ ಕೇಳಿದೆ.

"ನಿನ್ ಗಂಟ್ಲಿಂದ ಇಷ್ಟು ದುಡ್ಡೋಯ್ತು ಅಂತ ಅವಳ್ಗೆ ಯೋಳಾದಾ? ಕೊರಗ್ತಾಳೆ. ಶೆಖೆಗೆ ಅಂದ್ರೆ ನನ್ನ ತಲೆಕೆಟ್ಟೋನು ಅಂತಾಳೆ. ಅದು ಅವಳ್ಗೆ ಮೊದ್ಲಿಂದ ಗೊತ್ತಲ್ಲ."

ಅಷ್ಟರಲ್ಲಿ ಅಕ್ಕ ದೀಪ ಹಚ್ಚಿ ಬಂದಳು. ನನ್ನ ಪಕ್ಕ ಕೂತು, ನನ್ನ ಕೈ ಹಿಡಿದು ಏನೋ ಹೇಳಿದಳು. ಹಾರನ್ ಹೊಡೆದುಕೊಂಡು ಒಂದು ಲಾರಿ ಹೋಯಿತು. ಮತ್ತೆ ಹೇಳಿದಳು. ಎದುರಿನ ಅಂಗಡಿಯ ಕಂಪ್ರೆಸರ್ ಧಡಧಡ ಶುರುವಾಯಿತು.

"ಆಂ? ಏನಂದೆ ಅಕ್ಕ?" ಅಂದೆ.

ಅಕ್ಕ ನನ್ನ ಮುಖ ನೋಡಿದಳು. ಭಾವನ ಮುಖ ನೋಡಿದಳು. ಎದ್ದಳು. ಬಾಗಿಲ ಹತ್ತಿರ ಹೋಗಿ ರಸ್ತೆಯ ಕಡೆ ಒಂದು ಗಳಿಗೆ ನಿಂತಳು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಾಗಿಲಿನ ಎರಡು ರೆಕ್ಕೆಯನ್ನೂ ಎಳೆದು ಮುಚ್ಚಿದಳು.

"ಅಕ್ಕಾ, ದೀಪ ಹಚ್ಚಿದ ಹೊತ್ತು!" ಅಂತ ನಾನೇ ಕೂಗಿದೆ. ಭಾವ ಕುರ್ಚಿಯಿಂದ ಅರ್ಧ ಎದ್ದಿದ್ದರು.

ಅಕ್ಕ ಚಿಲಕ ಹಾಕಿದಳು. ಭಾವ ಮೆಲ್ಲಗೆ ಹೋಗಿ ಫ್ಯಾನ್ ಆರಿಸಿ ಬಂದು ಕೂತರು. ಆ ಮನೆಯಲ್ಲಿ ಮಾತು ಕೇಳಬೇಕಾದರೆ ಬೆವರಲೇಬೇಕು. ಲಾರಿಗಳು ಎಲ್ಲೋ ದೂರಕ್ಕೆ ಹೋದವು. ಗೋಡೆಯ ಮೇಲೆ ಒಂದು ಗಡಿಯಾರ ಇತ್ತು, ಅದು ನಡೆಯುವ ಸದ್ದು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಬರೋಳು ಬಂದಿರ್ತಾಳೆ ಬುಡು," ಅಂದಳು ಅಕ್ಕ. ನನಗೆ ಕೇಳಿಸಿತು! ಸಣ್ಣಗೆ, ಒಣಗಿದ ಎಲೆ ಸರಿದ ಹಾಗಿತ್ತು, ಆದರೆ ಮೂಗೂರಿನ ಜಗುಲಿಯ ಮೇಲೆ ನಿಂತು ಕರೆದವಳದೇ ಮಾತು.

ಅವಳು ಭಾವನ ಕಡೆ ತಿರುಗಿದಳು. "ಅಡಿಗೆಮನೇಗೊಂದು ಕಿಟ್ಕಿ ಮಡಗ್ಸಿ ಅಂತಿದ್ದೆ."

ಭಾವ "ಆಂ?" ಅನ್ನಲಿಲ್ಲ. ಚಪ್ಪಲಿ ಹುಡುಕಲಿಲ್ಲ. ಬಲಗಿವಿಯನ್ನು ಅವಳ ಕಡೆ ಬಾಗಿಸಿ ಕೂತಿದ್ದವರು, "ಮಡಗ್ಸಾಣ" ಅಂದರು. "ಒಂದ್ ಗ್ಲಾಸಿಂದಾ, ಎರಡ್ ಗ್ಲಾಸಿಂದಾ?"

"ಗ್ಲಾಸೇ ಬ್ಯಾಡಿ. ಬರೀ ಸರಳಿರಲಿ. ಘಾಟು ಓಗ್ಬೇಕು."

"ಆಯ್ತು."

ಇಪ್ಪತ್ತೆರಡು ವರ್ಷದ ಅರ್ಜಿ ಅರ್ಧ ನಿಮಿಷದಲ್ಲಿ ಮಂಜೂರಾಯಿತು! ಬಿಸಿನಾಡಿನಲ್ಲಿ ಈ ಕಿಟಕಿಗೆ ಹಾಕಿದ ದುಡ್ಡು ದಂಡವೇ ಅಂತ ನನ್ನನ್ನು ಯಾರಾದರೂ ಕೇಳಿದರೆ, ಶೆಖೆಗಾದರೆ ದಂಡ ಅಂತ ಇವತ್ತೂ ಹೇಳುತ್ತೇನೆ. ಸಜ್ಜಾ ಉದ್ದ ಮಾಡಿಸಿ, ಬಿದಿರಿನ ಪರದೆ ಇಳಿಬಿಡಿ. ಬೇರೆ ಯಾವುದಕ್ಕಾದರೂ ಬೇಕು ಅನ್ನುವವರು ನಮ್ಮ ಭಾವನನ್ನು ಕೇಳಿ. ಮೆಲ್ಲಗೆ ಕೇಳಿದರೂ ಸಾಕು.

ಅಕ್ಕ ಮತ್ತೆ ನನ್ನ ಪಕ್ಕ ಬಂದು ಕೂತು ಕೈ ಹಿಡಿದಳು. "ನೀನ್ಯಾಕಮ್ಮಿ ಪೋನೇ ಮಾಡಲ್ಲ?" ಅಂದಳು. ಲಾರಿ ಇರಲಿಲ್ಲ, ಹಾರನ್ ಇರಲಿಲ್ಲ, ಕೇಳಿಸಲಿಲ್ಲ ಅಂತ ಹೇಳುವುದಕ್ಕೆ ನನಗೆ ಯಾವ ದಾರಿಯೂ ಇರಲಿಲ್ಲ.

ಮೂವತ್ತು ವರ್ಷ ಸ್ಕೂಲು ನಡುಗಿಸಿದ ನನ್ನ ದನಿ ಅಕ್ಕನದಷ್ಟೇ ಸಣ್ಣದಾಯಿತು. "ತಪ್ಪಾಯ್ತು" ಅಂದೆ. ಅಕ್ಕನಿಗೆ ಹೇಳಿದೆನೋ, ಭಾವನಿಗೆ ಹೇಳಿದೆನೋ, ನನಗೇ ತಿಳಿಯಲಿಲ್ಲ. ದನಿ ಹೊರಗೆ ಬಂದಿತೋ ಇಲ್ಲವೋ ಅದೂ ತಿಳಿಯಲಿಲ್ಲ.

ಭಾವ ಟವೆಲ್ಲಿನಿಂದ ಮುಖದ ಬೆವರು ಒರೆಸಿಕೊಂಡು, ಗಡಿಯಾರದ ಕಡೆ ನೋಡುತ್ತಾ ಹೇಳಿದರು:

"ಕೇಳಿಸ್ತು ಬುಡಮ್ಮಿ."